ನೆರಿಗೆಯುಳ್ಳ ಗೋಥಿಕ್ ಉಕ್ಕಿನ ಕವಚವನ್ನು ಕೈಯಾರೆ ತಯಾರಿಸುವ ಬಗೆ

ಗೋಥಿಕ್ ಕವಚವೆಂದು ನಾವಿಂದು ಕರೆಯುವ ಉಡುಗೆ 15ನೇ ಶತಮಾನದ ಕೊನೆಯ ದಶಕಗಳಲ್ಲಿ ದಕ್ಷಿಣ ಜರ್ಮನಿಯ ಆಗ್ಸ್‌ಬರ್ಗ್, ನ್ಯೂರೆಂಬರ್ಗ್, ಲಾಂಡ್ಸ್‌ಹುಟ್ ಪಟ್ಟಣಗಳಲ್ಲೂ ಆಲ್ಪ್ಸ್ ಪರ್ವತಗಳ ನಡುವಿನ ಇನ್ಸ್‌ಬ್ರುಕ್‌ನಲ್ಲೂ ಉಚ್ಛ್ರಾಯಕ್ಕೆ ಬಂತು. ಈ ಹೆಸರು ಬಹಳ ಕಾಲದ ನಂತರದವರು ಇಟ್ಟದ್ದು. ಮಾಡಿದವರಿಗೆ ಅದು ಗೊತ್ತಿರಲಿಲ್ಲ. ಹಿಡಿಯಷ್ಟು ಸಣ್ಣದಾಗಿ ಕಾಣುವ ನಡು, ಚೂಪಾದ ಮೊನೆಗಳು, ಹೂವಿನ ಎಸಳಿನಂತೆ ಕತ್ತರಿಸಿದ ಅಂಚುಗಳು ಮತ್ತು ನಡುವಿನಿಂದ ಎದೆಯ ಕಡೆಗೆ ಬೀಸಣಿಗೆಯಂತೆ ಬಿಚ್ಚಿಕೊಳ್ಳುವ ನೆರಿಗೆಗಳು ಇದರ ಗುರುತು. ಆಗ್ಸ್‌ಬರ್ಗ್‌ನ ಲೊರೆನ್ಸ್ ಹೆಲ್ಮ್‌ಶ್ಮೀಡ್ ಟೈರೋಲಿನ ಆರ್ಚ್‌ಡ್ಯೂಕ್ ಸಿಗಿಸ್ಮಂಡನಿಗೆ 1484ರ ಸುಮಾರಿಗೆ ಮಾಡಿಕೊಟ್ಟ ಕವಚ ಈಗ ವಿಯೆನ್ನಾದ ಕಲಾ ಇತಿಹಾಸ ವಸ್ತುಸಂಗ್ರಹಾಲಯದಲ್ಲಿದೆ. ಹೆಲ್ಮ್‌ಶ್ಮೀಡ್ ಎಂದರೆ ಶಿರಸ್ತ್ರಾಣದ ಕಮ್ಮಾರ ಎಂದೇ ಅರ್ಥ. ಸುತ್ತಿಗೆ ಮುಟ್ಟುವ ಮೊದಲು ಆ ಕವಚದ ಚಿತ್ರಗಳನ್ನು ಎಲ್ಲ ಕೋನಗಳಿಂದಲೂ, ಮುಖ್ಯವಾಗಿ ಪಕ್ಕದಿಂದ, ಹಲವು ದಿನ ನೋಡಬೇಕು. 1500ರ ನಂತರ ಸುಮಾರು ಮೂರು ದಶಕ ನಡೆದ, ಒತ್ತೊತ್ತಾಗಿ ಸಮಾನಾಂತರ ನೆರಿಗೆಗಳಿರುವ, ದುಂಡುದುಂಡಾದ ಮ್ಯಾಕ್ಸಿಮಿಲಿಯನ್ ಶೈಲಿಯ ಕವಚ ಬೇರೆ. ಹೊಸಬರು ಎರಡನ್ನೂ ಬೆರೆಸಿ ಎರಡನ್ನೂ ಕೆಡಿಸುತ್ತಾರೆ.

ನೆರಿಗೆ ಬರೀ ಅಲಂಕಾರವಲ್ಲ. ಆ ಕಾಲದ ಬಟ್ಟೆಯ ನೆರಿಗೆಗೂ ಇದಕ್ಕೂ ಹೋಲಿಕೆಯಿದೆ ನಿಜ. ಆದರೆ ಸಪಾಟು ತಗಡು ಸುಲಭವಾಗಿ ಬಾಗುತ್ತದೆ, ಅದೇ ತಗಡಿನಲ್ಲಿ ಏಣು, ಅಂದರೆ ಉದ್ದನೆಯ ಚೂಪು ಉಬ್ಬು, ಎಬ್ಬಿಸಿದರೆ ಏಣಿನ ಉದ್ದಕ್ಕೆ ಅದು ಬಾಗಲೊಲ್ಲದು. ಮನೆಯ ಮೇಲೆ ಹೊದಿಸುವ ಅಲೆಅಲೆಯಾದ ಶೀಟು ತೆಳುವಾಗಿದ್ದರೂ ನಿಲ್ಲುವುದು ಈ ಕಾರಣಕ್ಕೇ. ಹೀಗಾಗಿ ತೆಳುವಾದ ಉಕ್ಕಿನಿಂದಲೇ ಗಡುಸಾದ ಕವಚ ಸಾಧ್ಯವಾಗಿ, ಯುದ್ಧಕ್ಕೆ ತೊಡುವ ಪೂರ್ತಿ ಉಡುಗೆಯ ತೂಕ ಸಾಮಾನ್ಯವಾಗಿ 20ರಿಂದ 25 ಕಿಲೋಗ್ರಾಂ ಒಳಗೆ ಉಳಿಯಿತು. ಈ ಇಡೀ ಕೆಲಸದಲ್ಲಿ ನೆನಪಿಡಬೇಕಾದ ಸಂಗತಿ ಒಂದೇ: ನೆರಿಗೆಯನ್ನು ಹೊಡೆಯುವುದು ಪ್ರತಿ ಫಲಕದ ಆಕಾರ ಮುಗಿದ ಮೇಲೆ, ಆದರೆ ಅದರ ಲೆಕ್ಕ ಕಾಗದದ ಮೇಲೆ ಮೊದಲ ಗೆರೆ ಎಳೆಯುವಾಗಲೇ ಇರಬೇಕು.

ಅಂಗಿಯಿಂದ ಆರಂಭ

ಮೊದಲು ಹೊಲಿಯಬೇಕಾದದ್ದು ಒಳ ಅಂಗಿ. ಉಕ್ಕಿನ ಕೆಲಸಕ್ಕೆ ಕೈ ತುರಿಸುವವರು ಇದನ್ನು ಮುಂದೂಡುತ್ತಾರೆ, ಆಮೇಲೆ ಎಲ್ಲ ಫಲಕಗಳೂ ಬಿಗಿಯಾಗಿ ಪರದಾಡುತ್ತಾರೆ. ಕವಚ ಕೂರುವುದು ಮೈಮೇಲಲ್ಲ, ಅಂಗಿಯ ಮೇಲೆ. ಎರಡು ಮೂರು ಪದರದ ಗಟ್ಟಿ ಹತ್ತಿಬಟ್ಟೆ ಅಥವಾ ನಾರುಬಟ್ಟೆಯಲ್ಲಿ, ಸೊಂಟಕ್ಕೆ ಬಿಗಿಯಾಗಿ, ಕಂಕುಳಲ್ಲಿ ಕೈ ಎತ್ತಲು ಸಡಿಲವಾಗಿ ಹೊಲಿಯಬೇಕು. ದಪ್ಪ ಹತ್ತಿ ತುಂಬಿದ ರಜಾಯಿಯಂಥ ಅಂಗಿ ಬೇಡ. ಭುಜ, ತೋಳು ಮತ್ತು ಸೊಂಟದಲ್ಲಿ ಜೋಡಿ ರಂಧ್ರಗಳನ್ನು ಮಾಡಿ ದಾರದಿಂದ ಕಟ್ಟಿ, ಅವುಗಳ ಮೂಲಕ ಹಾಯುವ ಲಾಡಿಗಳಿಂದ ಫಲಕಗಳನ್ನು ಅಂಗಿಗೇ ಕಟ್ಟಲಾಗುತ್ತದೆ. 15ನೇ ಶತಮಾನದ ಒಂದು ಇಂಗ್ಲಿಷ್ ಹಸ್ತಪ್ರತಿ ಈ ಲಾಡಿಗಳನ್ನು ಅಡ್ಡಬಿಲ್ಲಿನ ಹೆದೆಗೆ ಬಳಸುವಂಥ ದಾರದಿಂದ ಹೊಸೆದು, ಚಮ್ಮಾರರ ಮೇಣ ಹಚ್ಚಬೇಕೆನ್ನುತ್ತದೆ. ಮೇಣ ಹಚ್ಚಿದ ಲಾಡಿ ಜಾರದು, ಹಿಗ್ಗದು, ತುಂಡಾಗದು. ಕಂಕುಳು ಮತ್ತು ಮೊಣಕೈ ಮಡಿಕೆಯಲ್ಲಿ ಫಲಕ ಮುಚ್ಚಲಾಗದ ಕಡೆ ಸರಪಳಿ ಜಾಲರಿಯ ತುಂಡುಗಳನ್ನು ಅಂಗಿಗೆ ಹೊಲಿಯಬೇಕು.

ಅಂಗಿ ತೊಟ್ಟು, ಇನ್ನೊಬ್ಬರ ಕೈಯಲ್ಲಿ ಅಳತೆ ತೆಗೆಸಿಕೊಳ್ಳಿ. ನಡುವಿನ ಅತಿ ಸಣ್ಣ ಜಾಗ ಯಾವುದೆಂದು ಗುರುತಿಸುವುದು ಎಲ್ಲಕ್ಕಿಂತ ಮುಖ್ಯ. ಪಕ್ಕಕ್ಕೆ ಬಾಗಿದಾಗ ಮೈ ಎಲ್ಲಿ ಮಡಿಯುತ್ತದೋ ಅದೇ ನಡು, ಪ್ಯಾಂಟಿನ ಬೆಲ್ಟು ಕಟ್ಟುವ ಜಾಗವಲ್ಲ. ಎದೆಕವಚ ಅಲ್ಲಿಗೇ ಮುಗಿಯಬೇಕು. ಅದಕ್ಕಿಂತ ಎರಡು ಬೆರಳು ಕೆಳಗಿಳಿದರೂ ಕೂತಾಗ ಕವಚ ಮೇಲೇರಿ ಗಂಟಲಿಗೆ ಒತ್ತುತ್ತದೆ. ಹಾಗೆಯೇ ಎದೆಯ ಅಗಲವನ್ನು ಎರಡೂ ಕೈ ಮುಂದೆ ಚಾಚಿ ಅಂಗೈ ಜೋಡಿಸಿದ ಭಂಗಿಯಲ್ಲಿ ಅಳೆಯಬೇಕು. ನೆಟ್ಟಗೆ ನಿಂತು ಅಳೆದ ಎದೆಕವಚದಲ್ಲಿ ಎರಡೂ ಕೈಯಿಂದ ಕತ್ತಿ ಹಿಡಿಯಲಾಗದು.

ಅಳತೆಗಳಿಂದ ದಪ್ಪ ರಟ್ಟಿನಲ್ಲಿ ಪ್ರತಿ ಫಲಕದ ಮಾದರಿ ಕತ್ತರಿಸಿ, ಹಿತ್ತಾಳೆಯ ಕಾಗದ ಪಿನ್ನುಗಳಿಂದ ಜೋಡಿಸಿ, ತೊಟ್ಟು, ಕೂತು, ಬಾಗಿ ನೋಡಿ. ರಟ್ಟಿನಲ್ಲಿ ಕೂಡದ ಕೀಲು ಉಕ್ಕಿನಲ್ಲಿ ಎಂದಿಗೂ ಕೂಡದು.

ತಗಡು, ದಪ್ಪ, ಸಲಕರಣೆ

ಮೊದಲ ಕವಚಕ್ಕೆ ಸಿ.ಆರ್. ಶೀಟ್ ಎಂದು ಅಂಗಡಿಯಲ್ಲಿ ಕೇಳಿದರೆ ಸಿಗುವ ಮೆದು ಉಕ್ಕಿನ ತಗಡೇ ಸಾಕು. ಸತು ಲೇಪಿಸಿದ ಜಿ.ಐ. ತಗಡನ್ನು ಮಾತ್ರ ತರಬಾರದು. ಕಾಯಿಸಿದಾಗ ಅದರಿಂದೇಳುವ ಹೊಗೆ ಜ್ವರ ಬರಿಸುವಷ್ಟು ವಿಷಕಾರಿ. ಎದೆಕವಚ ಮತ್ತು ಶಿರಸ್ತ್ರಾಣಕ್ಕೆ 16 ಗೇಜ್, ಅಂದರೆ ಸುಮಾರು 1.6 ಮಿ.ಮೀ.; ಕೈಕಾಲುಗಳಿಗೆ 18 ಗೇಜ್, ಅಂದರೆ ಸುಮಾರು 1.2 ಮಿ.ಮೀ.; ಬೆರಳ ಚಿಪ್ಪುಗಳಿಗೆ 20 ಗೇಜ್ ಬಳಸಬಹುದು. ಹಳೆಯ ಕವಚಗಳಲ್ಲಿ ಒಂದೇ ಫಲಕದ ನಡುಭಾಗ ದಪ್ಪ, ಪಕ್ಕಗಳು ತೆಳು. ನಮಗೆ ಸಿಗುವುದು ಎಲ್ಲೆಡೆ ಒಂದೇ ದಪ್ಪದ ಗಿರಣಿ ತಗಡು, ಆದ್ದರಿಂದ ಹೊಸ ಕವಚ ಹಳೆಯದಕ್ಕಿಂತ ಭಾರವಾಗುವ ಅಪಾಯ ಯಾವಾಗಲೂ ಇದೆ. ದಪ್ಪ ತಗಡು ತಂದರೆ ಸುರಕ್ಷಿತವೆಂದು ಭಾವಿಸಬೇಡಿ, ನೆರಿಗೆ ಇರುವುದೇ ಆ ದಪ್ಪವನ್ನು ತಪ್ಪಿಸಲು.

ಹುಣಸೆಯಂಥ ಗಟ್ಟಿ ಮರದ, ಸೊಂಟದೆತ್ತರದ ದಿಮ್ಮಿಯೊಂದನ್ನು ನಿಲ್ಲಿಸಿ ಅದರ ತಲೆಯ ಮೇಲೆ ಸುಮಾರು 150 ಮಿ.ಮೀ. ಅಗಲ, 25 ಮಿ.ಮೀ. ಆಳದ ಕುಳಿ ಕೊರೆಯಿರಿ. ಉಳಿದಂತೆ ಗುಂಡುತಲೆಯ ಒಂದು ಕಿಲೋ ಸುತ್ತಿಗೆ, ಅಡ್ಡಬಾಯಿಯ ಅರ್ಧ ಕಿಲೋ ಸುತ್ತಿಗೆ, ಕನ್ನಡಿಯಂತೆ ಉಜ್ಜಿದ ಮುಖದ ಹಗುರ ಸುತ್ತಿಗೆ, ಮರದ ಕೊಡತಿ, ಗಟ್ಟಿಯಾದ ವೈಸ್, ತಗಡು ಕತ್ತರಿ, ಅರಗಳು, ತಗಡನ್ನು ಮೇಲಿಟ್ಟು ಬಡಿಯಲು ಗುಂಡುತಲೆಯ ಉಕ್ಕಿನ ಗೂಟ, ಉದ್ದನೆಯ ಕೊಂಬಿನ ಗೂಟ ಮತ್ತು ಗ್ಯಾಸ್ ಟಾರ್ಚ್ ಬೇಕು. ಸುತ್ತಿಗೆಯ ಮುಖದ ಮೇಲಿನ ಪ್ರತಿ ಗೀರೂ ತಗಡಿನ ಮೇಲೆ ಅಚ್ಚಾಗುತ್ತದೆ, ಆದ್ದರಿಂದ ಸುತ್ತಿಗೆ ಉಜ್ಜಲು ಕಳೆದ ಒಂದು ದಿನ ಕೊನೆಯಲ್ಲಿ ಹತ್ತು ದಿನ ಉಳಿಸುತ್ತದೆ. ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ ಕಡ್ಡಾಯ; ನೆರೆಯವರಿಗೆ ಮೊದಲೇ ಹೇಳಿಡುವುದೂ ಒಳ್ಳೆಯದು.

ಎದೆಕವಚದ ಆಕಾರ

ಗೋಥಿಕ್ ಎದೆಕವಚ ಬಹುಮಟ್ಟಿಗೆ ಎರಡು ಭಾಗದ್ದು. ಮೇಲಿನ ಫಲಕ ಎದೆಯನ್ನೂ, ಪ್ಲ್ಯಾಕರ್ಟ್ ಎಂಬ ಕೆಳಗಿನ ಫಲಕ ಹೊಟ್ಟೆಯನ್ನೂ ಮುಚ್ಚುತ್ತದೆ. ಪ್ಲ್ಯಾಕರ್ಟಿನ ಮೇಲಂಚು ನಡುವೆ ಚೂಪಾಗಿ ಏರಿ, ಮೇಲಿನ ಫಲಕದ ಹೊರಗೆ ಕೂತು, ಆ ಮೊನೆಯಲ್ಲಿ ಒಂದು ರಿವೆಟ್, ಅಂದರೆ ತುದಿ ಬಡಿದು ಅಗಲಿಸುವ ಮೊಳೆ, ಅಥವಾ ಚರ್ಮದ ಪಟ್ಟಿಯಿಂದ ಸೇರುತ್ತದೆ. ಹೀಗೆ ಬಿಡಿಯಾಗಿರುವುದರಿಂದ ಮುಂದಕ್ಕೆ ಬಾಗುವಾಗ ಎರಡೂ ಸ್ವಲ್ಪ ಸರಿಯುತ್ತವೆ.

ಮಾದರಿಯನ್ನು ತಗಡಿನ ಮೇಲೆ ಇಳಿಸುವಾಗ ಮಡಿಚುವ ಅಂಚಿಗೂ ನೆರಿಗೆಗೂ ಹೆಚ್ಚುವರಿ ಜಾಗ ಬಿಡಬೇಕು. ಅಂಚಿನಲ್ಲಿ ತಂತಿ ಸುತ್ತುವುದಾದರೆ ತಂತಿಯ ವ್ಯಾಸದ ಎರಡೂವರೆ ಪಟ್ಟು, ಅಂದರೆ 3 ಮಿ.ಮೀ. ತಂತಿಗೆ ಸುಮಾರು 8 ಮಿ.ಮೀ. ಸಾಕು. ನೆರಿಗೆಯ ಲೆಕ್ಕ ಹೀಗೆ: ಬುಡದಲ್ಲಿ 16 ಮಿ.ಮೀ. ಅಗಲ, 3 ಮಿ.ಮೀ. ಎತ್ತರದ ಏಣು ಎಬ್ಬಿಸಿದರೆ ಅದರ ಎರಡು ಇಳಿಜಾರುಗಳ ಒಟ್ಟು ಉದ್ದ ಸುಮಾರು 17 ಮಿ.ಮೀ. ಆಗುತ್ತದೆ, ಆದ್ದರಿಂದ ತಗಡು ಪ್ರತಿ ಏಣಿಗೂ ಸುಮಾರು 1 ಮಿ.ಮೀ. ಒಳಕ್ಕೆ ಸೆಳೆದುಕೊಳ್ಳುತ್ತದೆ. ಒಂಬತ್ತು ಏಣುಗಳ ಪ್ಲ್ಯಾಕರ್ಟ್ ಒಂದು ಸೆಂಟಿಮೀಟರ್ ಹತ್ತಿರ ಕಿರಿದಾಗುತ್ತದೆ. ಕೈಯ ಹೊಡೆತಕ್ಕೆ ತಕ್ಕಂತೆ ತಗಡು ಹಿಗ್ಗುವುದೂ ಉಂಟು, ಆದ್ದರಿಂದ ಅದೇ ತಗಡಿನ 100 ಮಿ.ಮೀ. ತುಂಡಿನಲ್ಲಿ ಮೂರು ಏಣು ಹೊಡೆದು, ಮೊದಲೂ ಆಮೇಲೂ ಅಗಲ ಅಳೆದು ನಿಮ್ಮ ಕೈಯ ಲೆಕ್ಕವನ್ನು ನೀವೇ ಕಂಡುಕೊಳ್ಳಿ.

ಕತ್ತರಿಸಿದ ತಕ್ಷಣ ಅಂಚನ್ನು ಅರದಿಂದ ಉಜ್ಜಿ ಮೊಂಡಾಗಿಸಿ. ಕೈಗೆ ಗಾಯವಾಗುವುದು ತಪ್ಪುತ್ತದೆ, ಮುಂದೆ ಅಂಚಿನಲ್ಲಿ ಬಿರುಕು ಹುಟ್ಟುವುದೂ ತಪ್ಪುತ್ತದೆ. ನಂತರ ಫಲಕವನ್ನು ಕೊಂಬಿನ ಗೂಟದ ಮೇಲೆ ಕೊಡತಿಯಿಂದ ಬಡಿದು ಮೈಯ ಸುತ್ತಳತೆಗೆ ಬಾಗಿಸಿ, ದಿಮ್ಮಿಯ ಕುಳಿಯ ಮೇಲಿಟ್ಟು ಗುಂಡುತಲೆ ಸುತ್ತಿಗೆಯಿಂದ ಒಳಗಿನಿಂದ ಹೊಡೆಯುತ್ತಾ ಹೋಗಿ. ಹೊಡೆತಗಳು ಅಂಚಿನ ಕಡೆಯಿಂದ ನಡುವಿಗೆ ಸುರುಳಿಯಾಗಿ ಸಾಗಲಿ. ಅಂಚಿನಲ್ಲಿ ಸುಕ್ಕು ಕಂಡರೆ ಅದು ಮಡಿಕೆಯಾಗುವ ಮೊದಲೇ ಗೂಟದ ಮೇಲೆ ಹೊರಗಿನಿಂದ ತಟ್ಟಿ ಕೂರಿಸಬೇಕು; ಒಮ್ಮೆ ಮಡಿಚಿದ ಸುಕ್ಕು ಬಿರುಕಾಗಿಯೇ ತೀರುತ್ತದೆ. ಹೊಡೆತದ ಸದ್ದು ಮಂದದಿಂದ ಗಂಟೆಯಂತೆ ಟಣ್ಣೆನ್ನತೊಡಗಿದರೆ ತಗಡು ಬಿಗಿದುಕೊಂಡಿದೆ ಎಂದರ್ಥ. ಆಗ ಕೆಂಪಗಾಗುವವರೆಗೆ ಕಾಯಿಸಿ ತಾನಾಗಿ ತಣಿಯಲು ಬಿಡಿ.

ಕುಳಿಯಲ್ಲಿ ತಗ್ಗಿಸುವಾಗ ನಡುಭಾಗ ತೆಳುವಾಗುತ್ತದೆ. ಗೂಟದ ಮೇಲಿಟ್ಟು ಹೊರಗಿನಿಂದ ಸುತ್ತು ಸುತ್ತಾಗಿ ಕುಗ್ಗಿಸುತ್ತಾ ಆಕಾರ ಎಬ್ಬಿಸಿದರೆ ದಪ್ಪ ಉಳಿಯುತ್ತದೆ. ತಾಮ್ರದ ಹಂಡೆ, ಕೊಡಗಳನ್ನು ಬಡಿಯುವ ನಮ್ಮ ಕಂಚುಗಾರರ ಕೈಗೆ ಈ ಎರಡನೆಯ ವಿದ್ಯೆ ಚೆನ್ನಾಗಿ ಗೊತ್ತು. ಅಂಥವರ ಪಕ್ಕದಲ್ಲಿ ಒಂದು ವಾರ ಕೂತು ನೋಡುವ ಅವಕಾಶ ಸಿಕ್ಕರೆ ಯಾವ ಬರಹವೂ ಕಲಿಸದಷ್ಟನ್ನು ಕಲಿಯಬಹುದು.

ಕೊನೆಗೆ ಉಜ್ಜಿದ ಸುತ್ತಿಗೆಯಿಂದ, ಒಳಗೆ ಗೂಟ ಕೊಟ್ಟು, ಒಂದರ ಮೇಲೊಂದು ಅರ್ಧ ಬೀಳುವ ಹಗುರ ಹೊಡೆತಗಳಿಂದ ಮೇಲ್ಮೈ ನಯಗೊಳಿಸಿ. ಕಣ್ಣಿಗಿಂತ ಅಂಗೈ ಉಬ್ಬುತಗ್ಗನ್ನು ಬೇಗ ಹಿಡಿಯುತ್ತದೆ. ಈ ಹಂತದಲ್ಲಿ ಅಂಗಿಯ ಮೇಲೆ ತೊಟ್ಟು ನೋಡಿ, ಸಂಪೂರ್ಣ ಒಪ್ಪುವವರೆಗೆ ನೆರಿಗೆಯ ಮಾತೆತ್ತಬೇಡಿ. ನೆರಿಗೆ ಬಿದ್ದ ಮೇಲೆ ಫಲಕ ಗಡುಸಾಗುತ್ತದೆ, ಆಕಾರದ ತಪ್ಪು ತಿದ್ದಲು ಒಪ್ಪುವುದಿಲ್ಲ.

ನೆರಿಗೆ ಎಬ್ಬಿಸುವುದು

ಮೊದಲು ಫಲಕದ ಹೊರಮೈಯಲ್ಲಿ ಮೇಲಿನಿಂದ ಕೆಳಗೆ ನಡುಗೆರೆ ಎಳೆಯಿರಿ. ಉಳಿದ ಗೆರೆಗಳೆಲ್ಲ ಮೈಯ ನಡುವಿನ ಅತಿ ಸಣ್ಣ ಜಾಗದಲ್ಲಿ ಒತ್ತಾಗಿ ಹುಟ್ಟಿ ಮೇಲಕ್ಕೂ ಪಕ್ಕಕ್ಕೂ ಹರಡಬೇಕು. ಉಬ್ಬಿದ ಮೈಮೇಲೆ ಅಡಿಕೋಲು ಕೂರದಾದ್ದರಿಂದ ಕಿರಿದಾದ ಕಾಗದದ ಅಂಟುಪಟ್ಟಿಯನ್ನು ಎಳೆದು ಅಂಟಿಸಿ ಗೆರೆ ನೋಡಬೇಕು. ಪಟ್ಟಿ ತಾನಾಗಿ ಹರಿಯುವ ದಾರಿ ಸಾಮಾನ್ಯವಾಗಿ ಕಣ್ಣಿಗೂ ಸೊಗಸು. ಒಂದು ಪಕ್ಕದ ಗೆರೆಗಳನ್ನು ಕೈವಾರದಿಂದ ಅಳೆದು ಇನ್ನೊಂದು ಪಕ್ಕಕ್ಕೆ ಇಳಿಸಿ, ಎರಡು ಹೆಜ್ಜೆ ಹಿಂದೆ ನಿಂತು, ಕನ್ನಡಿಯಲ್ಲಿಯೂ ನೋಡಿ. ಏಣುಗಳ ಸಂಖ್ಯೆಯಲ್ಲಿ ಜಿಪುಣತನವೇ ವಾಸಿ. ಗೋಥಿಕ್ ಶೈಲಿಯ ಚೆಲುವಿರುವುದು ಏಣುಗಳ ನಡುವೆ ಬಿಟ್ಟ ನಯವಾದ ಬಯಲಿನಲ್ಲಿ.

ಒಪ್ಪಿದ ಗೆರೆಗಳನ್ನು ಒಳಮೈಗೂ ಇಳಿಸಿ. ಈಗ ಬೇಕಾದದ್ದು ಮೊಂಡು ಉಳಿ: 30 ಮಿ.ಮೀ. ಅಗಲದ ಬಾಯಿ, ಅದರ ತುದಿ ಸುಮಾರು 2 ಮಿ.ಮೀ. ದುಂಡಗೆ, ಎರಡೂ ಮೂಲೆಗಳನ್ನು ತೇಯ್ದು ಉರುಟಾಗಿಸಿದ್ದು. ಮೂಲೆ ಚೂಪಾಗಿದ್ದರೆ ಪ್ರತಿ ಹೊಡೆತದ ಕೊನೆಯಲ್ಲೂ ಚುಕ್ಕೆ ಬಿದ್ದು, ಉಜ್ಜಿದರೂ ಹೋಗುವುದಿಲ್ಲ. ಗಟ್ಟಿ ಮರದ ತುಂಡಿನ ಮೇಲೆ ಅಗಲವಾದ ತೋಡು ತೆಗೆದು, ಫಲಕದ ಹೊರಮೈಯನ್ನು ಅದರ ಮೇಲೆ ಕೂರಿಸಿ, ಒಳಗಿನಿಂದ ಉಳಿಯನ್ನು ಗೆರೆಯ ಮೇಲಿಟ್ಟು ಹೊಡೆಯಬೇಕು. ಒಂದು ಹೊಡೆತಕ್ಕೆ ಉಳಿಯ ಅರ್ಧ ಅಗಲದಷ್ಟೇ ಮುಂದೆ ಸರಿಸಿ, ಇಡೀ ಗೆರೆಯನ್ನು ಹಗುರವಾಗಿ ಒಮ್ಮೆ ನಡೆದು ಬನ್ನಿ. ಮೊದಲ ನಡಿಗೆ ಗೆರೆಯನ್ನು ಗುರುತಿಸಲು ಮಾತ್ರ. ಎರಡನೆಯದು ಎತ್ತಲು, ಮೂರನೆಯದು ಸರಿಪಡಿಸಲು. ಒಂದೇ ಬಾರಿಗೆ ಆಳ ಮಾಡಲು ಹೊರಟರೆ ಏಣು ಹಾವಿನಂತೆ ತೆವಳುತ್ತದೆ, ತಗಡು ಸೀಳಲೂಬಹುದು. ನಡು ಏಣಿನಿಂದ ಆರಂಭಿಸಿ ಎಡಕ್ಕೊಂದು ಬಲಕ್ಕೊಂದು ಎಂಬಂತೆ ಹೊರಕ್ಕೆ ಸಾಗಬೇಕು. ಒಂದೇ ಪಕ್ಕವನ್ನು ಮುಗಿಸಿದರೆ ಫಲಕ ಆ ಕಡೆಗೆ ತಿರುಚಿಕೊಳ್ಳುತ್ತದೆ.

ಇಷ್ಟಕ್ಕೆ ಏಣು ಎದ್ದಿರುತ್ತದೆ, ಆದರೆ ಮೆತ್ತಗೆ, ಊದಿದ ನರದಂತೆ. ಅದಕ್ಕೆ ಚೂಪು ಬರುವುದು ಹೊರಗಿನ ಕೆಲಸದಿಂದ. ವೈಸಿನಲ್ಲಿ ನೇರ ಅಂಚಿನ ಗೂಟವೊಂದನ್ನು ಬಿಗಿದು, ಏಣಿನ ಒಳಭಾಗ ಅದರ ಅಂಚಿನ ಮೇಲೆ ಕೂರುವಂತೆ ಫಲಕವನ್ನು ಕವುಚಿ, ಅಡ್ಡಬಾಯಿ ಸುತ್ತಿಗೆಯಿಂದ ಏಣಿನ ಎರಡೂ ಪಕ್ಕದ ಇಳಿಜಾರನ್ನು ತಟ್ಟಬೇಕು. ಏಣಿನ ನೆತ್ತಿಯನ್ನು ಎಂದೂ ಹೊಡೆಯಬಾರದು. ಎರಡು ಪಕ್ಕಗಳು ತಗ್ಗಿದಷ್ಟೂ ನೆತ್ತಿ ತಾನಾಗಿ ಹರಿತವಾಗುತ್ತದೆ. ದೀಪವನ್ನು ಒಂದು ಪಕ್ಕದಲ್ಲಿಟ್ಟುಕೊಂಡರೆ ನೆರಳಿನ ಗೆರೆ ಎಲ್ಲಿ ಮುರಿಯುತ್ತದೋ ಅಲ್ಲಿ ತಿದ್ದಬೇಕೆಂದು ತಿಳಿಯುತ್ತದೆ. ಏಣಿನ ತುದಿ ಥಟ್ಟನೆ ನಿಲ್ಲದೆ ಕರಗಿಹೋಗಬೇಕು. ಆದ್ದರಿಂದ ಕೊನೆಯ 30 ಮಿ.ಮೀ. ದೂರದಲ್ಲಿ ಹೊಡೆತದ ಬಲವನ್ನು ಕ್ರಮವಾಗಿ ಇಳಿಸಿ.

ನೆರಿಗೆ ಮುಗಿದ ಫಲಕ ಸ್ವಲ್ಪ ಮುದುಡಿರುತ್ತದೆ. ಏಣುಗಳ ನಡುವಿನ ಬಯಲನ್ನು ಕೊಡತಿಯಿಂದ ಮೆಲ್ಲನೆ ತಟ್ಟಿ, ಮತ್ತೆ ಅಂಗಿಯ ಮೇಲೆ ತೊಟ್ಟು ಸರಿಪಡಿಸಿ. ಅಂಚುಗಳನ್ನು ಅಳತೆಗೆ ಕತ್ತರಿಸುವುದು ಇದಾದ ಮೇಲೆಯೇ.

ಅಂಚು, ಕೀಲು, ರಿವೆಟ್

ಕೊರಳು ಮತ್ತು ಕಂಕುಳಿನ ಅಂಚನ್ನು ಹೊರಕ್ಕೆ ಮಡಿಚಿ ತಂತಿ ಸುತ್ತಬೇಕು, ಅದು ಗಡುಸನ್ನೂ ಕೊಡುತ್ತದೆ, ಜಾರಿ ಬಂದ ಕತ್ತಿಯ ಮೊನೆಯನ್ನು ಗಂಟಲಿಗೆ ಹೋಗದಂತೆ ತಡೆಯುತ್ತದೆ. ಹಗ್ಗ ಹೊಸೆದಂತೆ ಕಾಣುವ ಅಂಚು 16ನೇ ಶತಮಾನದ ಕವಚಗಳ ಲಕ್ಷಣ, ಇಲ್ಲಿ ಅದು ಬೇಡ. ಪಟ್ಟಿಗಳ ಕೆಳಅಂಚನ್ನು ಎಸಳಿನಂತೆ ಕತ್ತರಿಸಿ, ಪ್ರತಿ ಎಸಳಿನ ಮೊನೆಗೂ ಒಂದೊಂದು ಏಣು ಬಂದು ಸೇರುವಂತೆ ಮಾಡಿದರೆ ಗೋಥಿಕ್ ಗುಣ ಬರುತ್ತದೆ. ಸಾಲು ರಂಧ್ರಗಳ ಜಾಲಂದ್ರವನ್ನು ಡ್ರಿಲ್ಲಿನಿಂದ ಕೊರೆದು ಸಣ್ಣ ಅರಗಳಿಂದ ತಿದ್ದಬಹುದು.

ಸೊಂಟದ ಪಟ್ಟಿಗಳು, ಭುಜದ ಪಟ್ಟಿಗಳು, ಪಾದದ ಪಟ್ಟಿಗಳು ಚಲಿಸುವುದು ಮೂರು ಬಗೆಯಲ್ಲಿ. ಪಕ್ಕದಲ್ಲಿ ಒಂದೇ ರಿವೆಟ್ ಇದ್ದರೆ ಅದರ ಸುತ್ತ ಪಟ್ಟಿ ತಿರುಗುತ್ತದೆ. ಒಳಗೆ ಚರ್ಮದ ಪಟ್ಟಿಗೆ ಸಾಲಾಗಿ ರಿವೆಟ್ ಹಾಕಿದರೆ ಎಲ್ಲ ದಿಕ್ಕಿಗೂ ಬಾಗುತ್ತದೆ. ಒಂದು ಪಟ್ಟಿಯಲ್ಲಿ ಉದ್ದನೆಯ ಸೀಳು ಕೊರೆದು ಅದರಲ್ಲಿ ರಿವೆಟ್ ಜಾರುವಂತೆ ಬಿಟ್ಟರೆ ಪಟ್ಟಿಗಳು ಒಂದರೊಳಗೊಂದು ಸರಿಯುತ್ತವೆ. ಒಂದರ ಮೇಲೊಂದು ಕನಿಷ್ಠ 15 ಮಿ.ಮೀ. ಮುಚ್ಚಿಕೊಂಡಿರಲಿ. ಮೊದಲು ಎಲ್ಲವನ್ನೂ 4 ಮಿ.ಮೀ. ನಟ್ಟು ಬೋಲ್ಟುಗಳಿಂದ ಜೋಡಿಸಿ, ತೊಟ್ಟು, ಓಡಾಡಿ ನೋಡಿದ ಮೇಲಷ್ಟೇ ರಿವೆಟ್ ಬಡಿಯಬೇಕು. ತಿರುಗುವ ಕೀಲಿನಲ್ಲಿ ಎರಡು ಫಲಕಗಳ ನಡುವೆ ತೆಳು ರಟ್ಟಿನ ಚೂರು ಇಟ್ಟು ರಿವೆಟ್ ಬಡಿದು, ಆಮೇಲೆ ಚೂರನ್ನು ಎಳೆದು ತೆಗೆದರೆ ಬೇಕಾದಷ್ಟೇ ಸಡಿಲ ಉಳಿಯುತ್ತದೆ.

ಕೈ ಕಾಲುಗಳಲ್ಲಿ ಮೊಣಕಾಲು ಮತ್ತು ಮೊಣಕೈ ಚಿಪ್ಪುಗಳನ್ನು ಮೊದಲು ಮಾಡಿ, ಉಳಿದ ಫಲಕಗಳನ್ನು ಅವಕ್ಕೆ ಹೊಂದಿಸಿ. ಮೊಣಕಾಲಿನ ಚಿಪ್ಪಿಗೆ ಮೇಲೆ ಕೆಳಗೆ ಕಿರಿದಾದ ಪಟ್ಟಿಗಳು ಬಂದು, ಅವುಗಳ ರಿವೆಟ್ ಮಂಡಿಯ ನಿಜವಾದ ತಿರುಗುಬಿಂದುವಿನ ಎದುರಿಗಿರಬೇಕು. ಹಲವು ಜರ್ಮನ್ ಕವಚಗಳಲ್ಲಿ ಭುಜ, ಮೊಣಕೈ, ಮುಂಗೈ ಫಲಕಗಳು ಒಂದಕ್ಕೊಂದು ಸೇರದೆ ಬಿಡಿಯಾಗಿ ಅಂಗಿಗೇ ಕಟ್ಟಿಕೊಂಡಿರುತ್ತವೆ. ಹೊಸಬರಿಗೆ ಇದು ವರದಾನ. ಅತಿ ಕಷ್ಟದ ಕೆಲಸ ಮೀನಖಂಡದ ಕವಚದ್ದು. ಹೊರಪಕ್ಕದಲ್ಲಿ ಕೀಲು, ಒಳಪಕ್ಕದಲ್ಲಿ ಬಕಲ್ ಇರುವ ಈ ಎರಡು ಫಲಕಗಳು ಕಾಲಿನ ಪ್ರತಿ ತಿರುವನ್ನೂ ಅನುಸರಿಸಬೇಕು, ಎಡಗಾಲಿನದು ಬಲಗಾಲಿಗೆ ಆಗದು. ಇದನ್ನು ಎಲ್ಲಕ್ಕೂ ಕೊನೆಗೆ, ಕೈ ಪಳಗಿದ ಮೇಲೆ ಮಾಡಿ.

ತಲೆ ಮತ್ತು ಕೊರಳು

ಹಿಂದಕ್ಕೆ ಬಾಲದಂತೆ ಚಾಚಿದ ಸ್ಯಾಲೆಟ್ ಶಿರಸ್ತ್ರಾಣವನ್ನು ಹಳಬರು ಒಂದೇ ತುಂಡಿನಿಂದ, ಕೆಂಪಗೆ ಕಾಯಿಸಿ ಎಬ್ಬಿಸುತ್ತಿದ್ದರು. ಮೊದಲ ಬಾರಿಗೆ ಎರಡು ಅರ್ಧಗಳನ್ನು ಕುಳಿಯಲ್ಲಿ ತಗ್ಗಿಸಿ, ನೆತ್ತಿಯ ಏಣಿನ ಗುಂಟ ಬೆಸುಗೆ ಹಾಕಿ, ಬೆಸುಗೆಯನ್ನು ತೇಯ್ದು ತಟ್ಟಿ ಮರೆಮಾಡುವುದರಲ್ಲಿ ನಾಚಿಕೆಪಡುವಂಥದ್ದೇನಿಲ್ಲ. ಗದ್ದ ಮತ್ತು ಕೊರಳನ್ನು ಕಾಯುವ ಫಲಕದ ಹೆಸರು ಬೆವರ್. ಅದನ್ನು ತೊಟ್ಟು ಅರ್ಧ ಗಂಟೆ ಕಳೆದ ಕನ್ನಡಿಗರಿಗೆ ಹೆಸರಿನ ಅರ್ಥ ಬೇರೆ ಹೇಳಬೇಕಾಗುವುದಿಲ್ಲ. ಶಿರಸ್ತ್ರಾಣದ ಒಳಗೆ ಸುತ್ತಲೂ ಚರ್ಮದ ಪಟ್ಟಿ ರಿವೆಟ್ ಮಾಡಿ, ಮೆತ್ತೆಯ ಟೊಪ್ಪಿಗೆಯನ್ನು ಅದಕ್ಕೆ ಹೊಲಿಯಿರಿ. ತಲೆಗೂ ಉಕ್ಕಿಗೂ ನಡುವೆ ಎಲ್ಲೆಡೆ ಒಂದು ಬೆರಳಿನ ಅಂತರ ಉಳಿಯಬೇಕು.

ಹದ, ಹೊಳಪು, ಜೋಡಣೆ

ಮೆದು ಉಕ್ಕಿನಲ್ಲಿ ಇಂಗಾಲ ಕಡಿಮೆ, ಅದು ಕಾಯಿಸಿ ಅದ್ದಿ ಹದ ಕೊಟ್ಟರೂ ಗಟ್ಟಿಯಾಗದು. ಇನ್ಸ್‌ಬ್ರುಕ್ ಮತ್ತು ಆಗ್ಸ್‌ಬರ್ಗ್‌ನ ನುರಿತ ಕಮ್ಮಾರರಂತೆ ಗಡುಸು ಕವಚ ಬೇಕೆನ್ನುವವರು ಸುಮಾರು 0.5 ಶೇಕಡ ಇಂಗಾಲವಿರುವ ಉಕ್ಕನ್ನು ಆರಿಸಿ, ಎಲ್ಲ ಆಕಾರ, ನೆರಿಗೆ, ರಂಧ್ರ ಮುಗಿದ ಮೇಲೆ ಸುಮಾರು 830 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಎಣ್ಣೆಯಲ್ಲಿ ಅದ್ದಿ, ನಂತರ 350ರಿಂದ 400 ಡಿಗ್ರಿಯಲ್ಲಿ ಮತ್ತೆ ಕಾಯಿಸಿ ಪೆಡಸುತನ ಕಳೆಯಬೇಕು. ತೆಳು ಫಲಕ ಅದ್ದುವಾಗ ಸೊಟ್ಟಗಾಗುವುದೂ ಎಣ್ಣೆಗೆ ಬೆಂಕಿ ಹತ್ತುವುದೂ ಅಪರೂಪವಲ್ಲ. ಎದೆಕವಚದಷ್ಟು ದೊಡ್ಡ ಫಲಕವನ್ನು ಮನೆಯಂಗಳದಲ್ಲಿ ಅದ್ದುವ ಬದಲು ಹೀಟ್ ಟ್ರೀಟ್‌ಮೆಂಟ್ ಮಾಡುವ ಕಾರ್ಖಾನೆಗೆ ಕೊಡುವುದೇ ವಿವೇಕ.

ಹೊಳಪಿಗೆ 80, 120, 240, 400 ನಂಬರಿನ ಉಜ್ಜುಕಾಗದಗಳನ್ನು ಕ್ರಮವಾಗಿ, ಪ್ರತಿ ಬಾರಿ ಹಿಂದಿನ ಗೀರಿಗೆ ಅಡ್ಡವಾಗಿ ಬಳಸುವುದು ವಾಡಿಕೆ. ಆದರೆ ನೆರಿಗೆಯ ಬಳಿ ಮಾತ್ರ ಏಣಿನ ಗುಂಟವೇ, ಮರದ ತುಂಡಿಗೆ ಸುತ್ತಿದ ಕಾಗದದಿಂದ ಕೈಯಲ್ಲೇ ಉಜ್ಜಬೇಕು. ತಿರುಗುವ ಚಕ್ರ ಏಣಿನ ಚೂಪನ್ನು ಒಂದೇ ನಿಮಿಷದಲ್ಲಿ ತಿಂದುಹಾಕುತ್ತದೆ. ಚಕ್ರಕ್ಕೆ ಫಲಕದ ಅಂಚು ಸಿಕ್ಕಿಕೊಂಡರೆ ಅದನ್ನು ಕೈಯಿಂದ ಕಿತ್ತೆಸೆಯುತ್ತದೆ, ಬಿಡಿ ಪಟ್ಟಿಗಳನ್ನು ಅದರ ಬಳಿ ಒಯ್ಯಲೇಬಾರದು.

ಕೊನೆಯ ರಿವೆಟ್‌ಗಳು, 3 ಮಿ.ಮೀ. ದಪ್ಪದ ಚರ್ಮದ ಪಟ್ಟಿಗಳು ಮತ್ತು ಬಕಲ್‌ಗಳು ಹೊಳಪಿನ ನಂತರ ಬರುತ್ತವೆ. ಒಳಮೈಗೆ ಮೇಣ, ಹೊರಮೈಗೆ ತೆಳ್ಳಗೆ ಎಣ್ಣೆ ಹಚ್ಚಿ. ಮಂಗಳೂರು, ಕಾರವಾರದ ಉಪ್ಪುಗಾಳಿಯಲ್ಲಿ ಇಡುವುದಾದರೆ ವಾರಕ್ಕೊಮ್ಮೆ ಒರೆಸಬೇಕಾಗುತ್ತದೆ. ತೊಡುವಾಗ ಪಾದದಿಂದ ಆರಂಭಿಸಿ ಮೇಲಕ್ಕೆ ಬನ್ನಿ: ಪಾದ, ಮೀನಖಂಡ, ತೊಡೆ, ಎದೆ ಬೆನ್ನು, ತೋಳು, ಕೈಗವಸು, ಶಿರಸ್ತ್ರಾಣ. ಎದೆಕವಚ ಮೊದಲೇ ಬಿಗಿದರೆ ಬಾಗಿ ಕಾಲಿನ ಬಕಲ್ ಹಾಕುವುದು ಕಷ್ಟ. ಮೊದಲ ದಿನ ಒಂದು ಗಂಟೆ ತೊಟ್ಟು ಮೆಟ್ಟಿಲು ಹತ್ತಿ ಇಳಿದು, ನೆಲದಲ್ಲಿ ಮಲಗಿ ಎದ್ದು, ಆಮೇಲೆ ಬಿಚ್ಚಿ ಮೈ ನೋಡಿಕೊಳ್ಳಿ. ಚರ್ಮ ಎಲ್ಲೆಲ್ಲಿ ಕೆಂಪಾಗಿದೆಯೋ ಅಲ್ಲಲ್ಲಿಗೆ ಎದುರಾದ ಫಲಕದ ಅಂಚನ್ನು ಸೀಮೆಸುಣ್ಣದಿಂದ ಗುರುತು ಮಾಡಿ, ಬೆವರು ಆರುವ ಮೊದಲೇ ಉಕ್ಕನ್ನು ಒರೆಸಿ, ಮಾರನೆಯ ದಿನ ಆ ಅಂಚುಗಳನ್ನು ಮತ್ತೆ ಗೂಟದ ಮೇಲೆ ಇಡಿ.